ಗೋಡೆಯ ಟಿ.ವಿ. ಮತ್ತು ಹಿರಿಯರ ಕಿವಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ದಸರಾ, ದೀಪಾವಳಿಯ ರಿಯಾಯಿತಿ ಮಾರಾಟದ ಸಮಯದಲ್ಲಿ ಊರಿನಲ್ಲಿರುವ ತಂದೆತಾಯಿಗೆಂದು ದೊಡ್ಡ ಪರದೆಯ ಟಿ.ವಿ. ಕೊಂಡು, ಅದನ್ನು ಗೋಡೆಗೆ ಕೂರಿಸಿ, ಮಾತು ಸರಿಯಾಗಿ ಕೇಳಿಸುತ್ತಿಲ್ಲವೆಂದು ಅವರು ಹೇಳಿದ ಮೇಲೆ ಒಂದು ವೈರ್‌ಲೆಸ್ ಸ್ಪೀಕರ್ ತಂದು ಜೋಡಿಸಿ, ರಜೆ ಮುಗಿಯುತ್ತಲೇ ಬೆಂಗಳೂರಿಗೋ ವಿದೇಶಕ್ಕೋ ಮರಳುವ ಮಕ್ಕಳು ಮಲೆನಾಡಿನ ನಮ್ಮ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ತಾಯಿಯವರಿಗಾಗಿ ನಾನೂ ಇಂಥ ವ್ಯವಸ್ಥೆ ಮಾಡಿದ್ದೇನೆ; ನೆಂಟರ, ನೆರೆಯವರ ಮನೆಗಳಲ್ಲಿಯೂ ಈ ಕೆಲಸಕ್ಕೆ ಕೈಜೋಡಿಸಿದ್ದೇನೆ. ಈ ಅನುಭವದ ಮೇಲೆ ಹೇಳಬೇಕಾದದ್ದು ಇಷ್ಟೇ: ಹಿರಿಯರ ಮನೆಗೆ ಸ್ಪೀಕರ್ ಆರಿಸುವಾಗ ಅದಕ್ಕೆ ತಂತಿ ಇದೆಯೋ ಇಲ್ಲವೋ ಎನ್ನುವುದಕ್ಕಿಂತ, ಜೋಡಿಸಿದವರು ಊರು ಬಿಟ್ಟ ಮೇಲೆಯೂ ಅದು ತಾನಾಗಿ ನಡೆಯುತ್ತದೆಯೋ ಇಲ್ಲವೋ ಎನ್ನುವುದು ಮುಖ್ಯ. ಇದನ್ನು ಯೋಚಿಸಬೇಕಾದ ಸಮಯ ಟಿ.ವಿ. ಗೋಡೆಗೆ ಏರುವುದಕ್ಕೆ ಮುಂಚೆ, ಏರಿದ ಮೇಲಲ್ಲ.

ಹೊಸ ಟಿ.ವಿ.ಯ ಧ್ವನಿ ಹಳೆಯದಕ್ಕಿಂತ ಕಳಪೆಯಾಗಿದೆ ಎಂದು ಹಿರಿಯರು ದೂರಿದಾಗ ನಾವು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಅವರ ದೂರಿನಲ್ಲಿ ಹುರುಳಿದೆ. ಪಿಕ್ಚರ್ ಟ್ಯೂಬ್ ಇದ್ದ ಕಾಲದ ಟಿ.ವಿ.ಗಳಲ್ಲಿ ಸ್ಪೀಕರ್‌ಗಳು ಬಹುಮಟ್ಟಿಗೆ ಪರದೆಯ ಅಕ್ಕಪಕ್ಕದಲ್ಲಿ ನೋಡುವವರ ಕಡೆಗೆ ಮುಖ ಮಾಡಿರುತ್ತಿದ್ದವು, ಧ್ವನಿ ತುಂಬಿಕೊಳ್ಳಲು ಹಿಂದೆ ದೊಡ್ಡ ಪೆಟ್ಟಿಗೆಯೂ ಇರುತ್ತಿತ್ತು. ಈಗಿನ ಟಿ.ವಿ.ಗಳ ದಪ್ಪ ಕೆಲವೇ ಸೆಂಟಿಮೀಟರ್, ಪರದೆಯ ಸುತ್ತಲಿನ ಅಂಚು ಬೆರಳಗಲವೂ ಇಲ್ಲ. ಹೀಗಾಗಿ ತಯಾರಕರು ಚಿಕ್ಕ ಸ್ಪೀಕರ್‌ಗಳನ್ನು ಕೆಳಮುಖವಾಗಿಯೋ ಹಿಮ್ಮುಖವಾಗಿಯೋ ಇಡುತ್ತಾರೆ. ಅಂಥ ಟಿ.ವಿ.ಯನ್ನು ಗೋಡೆಗೆ ಒತ್ತಿ ಕೂರಿಸಿದಾಗ ಮಾತು ಮೊದಲು ಗೋಡೆಗೆ ಬಡಿದು, ಆಮೇಲೆ ಕೋಣೆಗೆ ಬರುತ್ತದೆ. ನಮ್ಮ ಜಗುಲಿಗಳ ನುಣುಪು ನೆಲ, ಪರದೆಯಿಲ್ಲದ ಕಿಟಕಿ, ಎತ್ತರದ ಮಾಡು ಇವೆಲ್ಲ ಸೇರಿ ಅದನ್ನು ಇನ್ನಷ್ಟು ಕಲಸುತ್ತವೆ. ಮಳೆಗಾಲದಲ್ಲಿ ತಗಡಿನ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿನೊಳಗೆ ವಾರ್ತೆ ಕೇಳುವ ಕಷ್ಟ ಎಳೆಯ ಕಿವಿಗಳಿಗೂ ಗೊತ್ತು. ಅಂಗಡಿಯಲ್ಲಿ ಇದಾವುದೂ ತಿಳಿಯುವುದಿಲ್ಲ. ಅಲ್ಲಿ ಹತ್ತಾರು ಟಿ.ವಿ.ಗಳು ಒಟ್ಟಿಗೆ ಓಡುತ್ತಿರುತ್ತವೆ, ಅವುಗಳಲ್ಲಿ ಬಹುಪಾಲು ಮೂಕವಾಗಿಯೇ ಇರುತ್ತವೆ.

ಇದಕ್ಕೆ ವಯಸ್ಸಿನ ಕಿವಿಯ ಸ್ವಭಾವವನ್ನೂ ಸೇರಿಸಿಕೊಳ್ಳಬೇಕು. ಅರವತ್ತು ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ದಿನನಿತ್ಯದ ಬದುಕಿಗೆ ತೊಡಕಾಗುವಷ್ಟು ಶ್ರವಣದೋಷ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಹೇಳುತ್ತದೆ. ವಯಸ್ಸಿನಿಂದ ಬರುವ ಈ ದೋಷದಲ್ಲಿ ಮೊದಲು ಕುಗ್ಗುವುದು ಹೆಚ್ಚು ಕಂಪನಾಂಕದ, ಅಂದರೆ ಕೀಚಲಾದ, ಧ್ವನಿಗಳನ್ನು ಕೇಳುವ ಶಕ್ತಿ. ಕಂಪನಾಂಕವನ್ನು ಅಳೆಯುವುದು ಹರ್ಟ್ಸ್‌ನಲ್ಲಿ. ಸ್ವರಗಳ ಬಲವೆಲ್ಲ ಹೆಚ್ಚಾಗಿ 1000 ಹರ್ಟ್ಸ್‌ನ ಕೆಳಗೆ ಇರುತ್ತದೆ. ಸಕಾರದಂಥ ವ್ಯಂಜನಗಳ ಗುರುತು ಸಿಗುವುದು 4000 ಹರ್ಟ್ಸ್‌ನ ಆಚೆ. ಆದ್ದರಿಂದ ಕಾಲು, ಸಾಲು, ಹಾಲು ಮೂರೂ ಹಿರಿಯರ ಕಿವಿಗೆ ಹೆಚ್ಚುಕಡಿಮೆ ಒಂದೇ ಆಗಿ ಬೀಳಬಹುದು. ಯಾರೋ ಮಾತನಾಡುತ್ತಿದ್ದಾರೆಂದು ಅವರಿಗೆ ಚೆನ್ನಾಗಿಯೇ ಕೇಳಿಸುತ್ತದೆ, ಏನು ಮಾತನಾಡುತ್ತಿದ್ದಾರೆಂದು ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಸ್ವರಗಳೂ ಹಿನ್ನೆಲೆ ಸಂಗೀತವೂ ಒಟ್ಟಿಗೆ ಏರಿ, ಬೇಕಾದ ವ್ಯಂಜನ ಅವುಗಳ ಅಡಿಯಲ್ಲಿಯೇ ಉಳಿಯುತ್ತದೆ. ಕಡಿಮೆ ಕಂಪನಾಂಕದ ಗಟ್ಟಿ ಧ್ವನಿ ಹೆಚ್ಚು ಕಂಪನಾಂಕದ ಮೆಲುಧ್ವನಿಯನ್ನು ಮರೆಮಾಡುವುದು ಕಿವಿಯ ರಚನೆಯಲ್ಲೇ ಇರುವ ಗುಣ. ಈ ಕಾರಣಕ್ಕೆ, ಎದೆ ನಡುಗಿಸುವ ಸಬ್‌ವೂಫರ್ (ತಗ್ಗು ಧ್ವನಿಗೆಂದೇ ಇರುವ ಸ್ಪೀಕರ್) ಜೊತೆಗಿದೆ ಎಂದು ಹೊಗಳಿ ಮಾರುವ ಸ್ಪೀಕರ್ ಹಿರಿಯರಿಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಅಂಥದ್ದು ಈಗಾಗಲೇ ಮನೆಗೆ ಬಂದಿದ್ದರೆ ಅದರ ಬಾಸ್ ಅನ್ನು, ಅಂದರೆ ತಗ್ಗು ಧ್ವನಿಯನ್ನು, ಆದಷ್ಟು ಇಳಿಸಿ, ಮಾತನ್ನು ಎತ್ತಿ ತೋರಿಸುವ ಮೋಡ್ ಇದ್ದಲ್ಲಿ ಅದನ್ನು ಆಯ್ಕೆ ಮಾಡಿಡುವುದು ಒಳಿತು. ಜಾಹೀರಾತು ಬಂದೊಡನೆ ಸದ್ದು ಹೆಚ್ಚುವುದು ಹಿರಿಯರ ಮತ್ತೊಂದು ದೂರು. ಜಾಹೀರಾತಿನ ಧ್ವನಿ ಅತಿಯಾಗಿ ಜೋರಾಗಿರಬಾರದೆಂದು 1994ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳಲ್ಲಿಯೇ ಬರೆದಿದ್ದರೂ ಅದು ಜಾರಿಯಲ್ಲಿರುವಂತೆ ಕಿವಿಗೆ ತೋರುವುದಿಲ್ಲ. ಗಟ್ಟಿ ಮತ್ತು ಮೆಲು ಧ್ವನಿಗಳ ನಡುವಿನ ಅಂತರವನ್ನು ಕುಗ್ಗಿಸುವ ನೈಟ್ ಮೋಡ್ ಇಲ್ಲಿ ಹಗಲಿನಲ್ಲಿಯೂ ನೆರವಾಗುತ್ತದೆ.

ಇನ್ನು ವೈರ್‌ಲೆಸ್ ವಿಚಾರ. ಅಂಗಡಿಯಲ್ಲಿ ವೈರ್‌ಲೆಸ್ ಸ್ಪೀಕರ್ ಕೇಳಿದರೆ ಬಹುಪಾಲು ಕೈಗೆ ಬರುವುದು ಬ್ಯಾಟರಿಯಿಂದ ನಡೆಯುವ ಬ್ಲೂಟೂತ್ ಸ್ಪೀಕರ್. ಮೊಬೈಲಿನ ಹಾಡಿಗೆ ಅದು ಅನುಕೂಲವಾದದ್ದು, ಟಿ.ವಿ.ಗೆ ಅಲ್ಲ. ಧ್ವನಿಯನ್ನು ಸಂಕುಚಿಸಿ, ಕಳುಹಿಸಿ, ಮತ್ತೆ ಬಿಡಿಸುವುದರಲ್ಲಿ ಸಾಮಾನ್ಯ ಬ್ಲೂಟೂತ್ 100ರಿಂದ 250 ಮಿಲಿಸೆಕೆಂಡಿನಷ್ಟು (ಒಂದು ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ) ಹೊತ್ತು ತೆಗೆದುಕೊಳ್ಳುತ್ತದೆ. ಚಿತ್ರಕ್ಕಿಂತ ಧ್ವನಿ ಸುಮಾರು 125 ಮಿಲಿಸೆಕೆಂಡ್ ತಡವಾದರೆ ನೋಡುವವರಿಗೆ ಅದು ಗೊತ್ತಾಗತೊಡಗುತ್ತದೆ, 185 ಮಿಲಿಸೆಕೆಂಡ್ ಮೀರಿದರೆ ಸಹಿಸಲಾಗುವುದಿಲ್ಲ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರ ಶಿಫಾರಸಿನಲ್ಲಿ ಹೇಳಿದೆ. ಕಿವಿ ಮಂದವಾದವರು ತಮಗೇ ಅರಿವಿಲ್ಲದಂತೆ ಮಾತನಾಡುವವರ ತುಟಿಯ ಚಲನೆಯನ್ನು ನೋಡಿ ಅರ್ಥ ಮಾಡಿಕೊಳ್ಳುತ್ತಿರುತ್ತಾರೆ; ತುಟಿ ಒಂದು ಹೇಳುವಾಗ ಕಿವಿಗೆ ಹಿಂದಿನದು ಬಿದ್ದರೆ ಅವರ ಆ ಆಸರೆಯೂ ಹೋಗುತ್ತದೆ. ನಮಗೆ ಸಣ್ಣ ಕಿರಿಕಿರಿಯಾಗುವ ವಿಳಂಬ ಅವರಿಗೆ ದೊಡ್ಡ ಅಡ್ಡಿ. ಕೆಲವು ಟಿ.ವಿ.ಗಳು ಚಿತ್ರವನ್ನೇ ತುಸು ತಡೆದು ಇದನ್ನು ಸರಿಪಡಿಸುತ್ತವೆ ನಿಜ. ಆದರೆ ಸೆಟ್ಟಿಂಗ್ಸ್‌ನಲ್ಲಿ ಸಾಮಾನ್ಯವಾಗಿ ಕಾಣುವ ಆಡಿಯೋ ಡಿಲೇ ಎಂಬ ಆಯ್ಕೆ ಹಲವು ಟಿ.ವಿ.ಗಳಲ್ಲಿ ಧ್ವನಿಯನ್ನು ಇನ್ನಷ್ಟು ತಡಮಾಡಬಲ್ಲದೇ ಹೊರತು ಮುಂದಕ್ಕೆ ತರಲಾರದು. ಟಿ.ವಿ.ಯ ಸ್ವಂತ ಸ್ಪೀಕರನ್ನೂ ಬ್ಲೂಟೂತ್ ಸ್ಪೀಕರನ್ನೂ ಒಟ್ಟಿಗೆ ನಡೆಸಿದರೆ ಪ್ರತಿ ಮಾತೂ ಎರಡೆರಡು ಸಲ ಕೇಳಿಸಿ ಇದ್ದ ಸ್ಪಷ್ಟತೆಯೂ ಹಾಳಾಗುತ್ತದೆ.

ವಿಳಂಬವನ್ನಾದರೂ ಕೆಲವರು ಹೊಂದಿಸಿಕೊಂಡಾರು, ಮರುಜೋಡಣೆಯದ್ದು ಅದಕ್ಕಿಂತ ದೊಡ್ಡ ತೊಂದರೆ. ಬ್ಯಾಟರಿ ಸ್ಪೀಕರ್ ಕೆಲಹೊತ್ತು ಧ್ವನಿ ಬಾರದಿದ್ದರೆ ತಾನಾಗಿ ಆರಿಹೋಗುತ್ತದೆ, ಬೆಳಿಗ್ಗೆ ಟಿ.ವಿ. ಹಾಕಿದಾಗ ತಾನಾಗಿ ಏಳುವುದಿಲ್ಲ. ಮೊಮ್ಮಗ ರಜೆಗೆ ಬಂದು ತನ್ನ ಮೊಬೈಲನ್ನು ಅದಕ್ಕೆ ಪೇರ್ ಮಾಡಿ ಹೋದರೆ, ಮುಂದಿನ ಸಲ ಅದು ಟಿ.ವಿ.ಯನ್ನು ಬಿಟ್ಟು ಇನ್ನಾವುದೋ ಮೊಬೈಲನ್ನು ಹುಡುಕುತ್ತ ಕೂರುತ್ತದೆ. ಆಗ ಇಂಗ್ಲಿಷಿನ ಮೆನುವಿನೊಳಗೆ ಇಳಿದು, ಬ್ಲೂಟೂತ್ ಪಟ್ಟಿಯಲ್ಲಿ ಸ್ಪೀಕರಿನ ಹೆಸರು ಹುಡುಕಿ, ಒತ್ತಿ, ಕಾಯಬೇಕಾದವರು ಎಪ್ಪತ್ತೈದು ದಾಟಿದ ತಾಯಿ. ಫೋನಿನಲ್ಲಿ ನಾವು ಎಷ್ಟು ಬಿಡಿಸಿ ಹೇಳಿದರೂ ಕೊನೆಗೆ ಅವರು, ‘ಇರಲಿ ಬಿಡೋ, ನೀನು ಬಂದಾಗ ನೋಡುವಿಯಂತೆ’ ಎಂದು ಮಾತು ಮುಗಿಸುತ್ತಾರೆ. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ದಿನಚರಿಯ ಭಾಗ. ಹಾಲ್‌ನ ಟಿ.ವಿ. ಇನ್ವರ್ಟರ್ ಲೈನಿನಲ್ಲಿದ್ದು ಸ್ಪೀಕರ್ ಚುಚ್ಚಿದ ಪ್ಲಗ್ ಪಾಯಿಂಟ್ ಬೇರೆ ಲೈನಿನಲ್ಲಿದ್ದರೆ, ಕರೆಂಟ್ ಹೋದಾಗ ಚಿತ್ರ ಇರುತ್ತದೆ, ಧ್ವನಿ ಇರುವುದಿಲ್ಲ, ಟಿ.ವಿ. ಕೆಟ್ಟಿತೆಂದು ಅವರು ಭಾವಿಸುತ್ತಾರೆ. ಎರಡನ್ನೂ ಒಂದೇ ಲೈನಿಗೆ ಕೊಡುವಂತೆ ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿದರೆ ಹೆಚ್ಚಿನ ಖರ್ಚಿಲ್ಲದೆ ತಪ್ಪುವ ಗೊಂದಲವಿದು.

ಹಿರಿಯರ ಮನೆಗೆ ನಾನು ಧೈರ್ಯವಾಗಿ ಸೂಚಿಸುವುದು, ಟಿ.ವಿ.ಯ ಕೆಳಗೆ ಎದುರಿಗೆ ಮುಖ ಮಾಡಿ ಕೂರುವ, ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಸಾಗಿಸುವ) ಕೇಬಲಿನಿಂದ ಟಿ.ವಿ.ಗೆ ಜೋಡಿಸುವ ಒಂದು ಸಾಧಾರಣ ಸೌಂಡ್‌ಬಾರ್, ಅಂದರೆ ಉದ್ದನೆಯ ಪಟ್ಟಿಯಾಕಾರದ ಸ್ಪೀಕರ್. ಟಿ.ವಿ.ಯ ಹಿಂಬದಿಯಲ್ಲಿರುವ ಎಚ್‌ಡಿಎಂಐ ಪೋರ್ಟ್‌ಗಳಲ್ಲಿ (ಕೇಬಲ್ ಚುಚ್ಚುವ ಕಿಂಡಿಗಳಲ್ಲಿ) ಸಾಮಾನ್ಯವಾಗಿ ಒಂದಕ್ಕೆ ಮಾತ್ರ ಎಆರ್‌ಸಿ ಅಥವಾ ಇಎಆರ್‌ಸಿ ಎಂಬ ಗುರುತಿರುತ್ತದೆ. ಹೊರಗಿನಿಂದ ಚಿತ್ರವನ್ನು ಒಳಕ್ಕೆ ತರುವ ಅದೇ ಕೇಬಲ್ ಟಿ.ವಿ.ಯ ಧ್ವನಿಯನ್ನು ಸ್ಪೀಕರಿಗೆ ಹಿಂದಿರುಗಿಸುವ ಈ ಏರ್ಪಾಡು 2009ರಲ್ಲಿ ಎಚ್‌ಡಿಎಂಐ 1.4ರೊಂದಿಗೆ ಬಂದದ್ದು. ಇದರ ದೊಡ್ಡ ಲಾಭ ಧ್ವನಿಯ ಗುಣಮಟ್ಟವಲ್ಲ, ರಿಮೋಟ್. ಸಿಇಸಿ ಎಂಬ ಸೌಲಭ್ಯವನ್ನು ಒಮ್ಮೆ ಆನ್ ಮಾಡಿಟ್ಟರೆ ಟಿ.ವಿ. ಹೊತ್ತಿಕೊಂಡಾಗ ಸೌಂಡ್‌ಬಾರ್ ಕೂಡ ಹೊತ್ತಿಕೊಳ್ಳುತ್ತದೆ, ಆರಿದಾಗ ಆರುತ್ತದೆ, ಟಿ.ವಿ. ರಿಮೋಟಿನ ವಾಲ್ಯೂಮ್ ಗುಂಡಿಯೇ ಅದರ ಧ್ವನಿಯನ್ನೂ ಏರಿಳಿಸುತ್ತದೆ. ಈ ಸೌಲಭ್ಯವನ್ನು ಸ್ಯಾಮ್ಸಂಗ್ ಎನಿನೆಟ್ ಪ್ಲಸ್ ಎಂದೂ, ಎಲ್‌ಜಿ ಸಿಂಪ್‌ಲಿಂಕ್ ಎಂದೂ, ಸೋನಿ ಬ್ರಾವಿಯಾ ಸಿಂಕ್ ಎಂದೂ ಕರೆಯುವುದರಿಂದ ಮೆನುವಿನಲ್ಲಿ ಸಿಇಸಿ ಎಂದು ಹುಡುಕಿದವರಿಗೆ ಅದು ಸಿಗದೇ ಹೋಗಬಹುದು. ಬೆಳಕಿನ ಮೂಲಕ ಧ್ವನಿ ಸಾಗಿಸುವ ಆಪ್ಟಿಕಲ್ ಕೇಬಲಿನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಸ್ಪೀಕರಿನ ರಿಮೋಟೂ ಬೇಕಾಗುವುದೇ ಹೆಚ್ಚು. ಟಿ.ವಿ.ಗೊಂದು, ಸೆಟ್‌ಟಾಪ್ ಬಾಕ್ಸಿಗೊಂದು ರಿಮೋಟ್ ಈಗಾಗಲೇ ಇರುವ ಮನೆಯಲ್ಲಿ ಮೂರನೆಯದು ಬರುವುದನ್ನು ತಪ್ಪಿಸುವುದಕ್ಕಾಗಿ ಒಂದು ಕೇಬಲ್ ಎಳೆಯುವ ಶ್ರಮ ಪಡಬಹುದು.

ಇದೇ ಸಂದರ್ಭದಲ್ಲಿ ಸೆಟ್‌ಟಾಪ್ ಬಾಕ್ಸನ್ನು ಸೌಂಡ್‌ಬಾರಿಗೆ ಜೋಡಿಸದೆ ಟಿ.ವಿ.ಗೇ ಜೋಡಿಸಬೇಕು. ಆಗ ಚಂದನದ ವಾರ್ತೆಯೂ ಯೂಟ್ಯೂಬಿನ ಯಕ್ಷಗಾನವೂ ಒಂದೇ ದಾರಿಯಿಂದ ಸ್ಪೀಕರಿಗೆ ಬರುತ್ತವೆ. ಬಾಕ್ಸಿನ ವಾಲ್ಯೂಮನ್ನು ಗರಿಷ್ಠದ ಹತ್ತಿರ ಇಟ್ಟುಬಿಟ್ಟು, ದಿನನಿತ್ಯ ಟಿ.ವಿ.ಯ ವಾಲ್ಯೂಮನ್ನು ಮಾತ್ರ ಬಳಸುವಂತೆ ರೂಢಿ ಮಾಡಿಸಬೇಕು. ಕೆಲವು ಚಾನೆಲ್‌ಗಳಲ್ಲಿ ಮಾತ್ರ ಧ್ವನಿ ಬಾರದಿದ್ದರೆ ಬಾಕ್ಸಿನ ಅಥವಾ ಟಿ.ವಿ.ಯ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಧ್ವನಿಯ ಮಾದರಿಯನ್ನು ಡಾಲ್ಬಿಯ ಬದಲು ಪಿಸಿಎಂ (ಸಂಕುಚಿಸದ ಧ್ವನಿ) ಎಂದು ಆಯ್ಕೆ ಮಾಡಿ ನೋಡಬಹುದು.

ಕೇಬಲ್ ಎಂದೊಡನೆ ಗೋಡೆಯ ಮಾತು ಬರುತ್ತದೆ, ಈ ಪತ್ರದ ಮುಖ್ಯ ದೂರು ಇರುವುದೂ ಅಲ್ಲಿಯೇ. ಟಿ.ವಿ. ಕೂರಿಸಲು ಬರುವ ಹುಡುಗರಿಗೆ ಒಂದೇ ದಿನ ಹಲವು ಮನೆಗಳಿರುತ್ತವೆ. ಅವರು ಬ್ರಾಕೆಟ್ಟಿಗೆ ತೂತು ಕೊರೆದು, ಟಿ.ವಿ. ನೇತುಹಾಕಿ, ಚಾನೆಲ್ ಬರುತ್ತದೆಂದು ತೋರಿಸಿ, ಸಹಿ ಪಡೆದು ಹೊರಡುತ್ತಾರೆ. ಗೋಡೆಗೂ ಟಿ.ವಿ.ಗೂ ನಡುವೆ ಎರಡು ಬೆರಳು ತೂರದಷ್ಟು ಜಾಗ ಉಳಿದಾಗ ಎಆರ್‌ಸಿ ಪೋರ್ಟ್ ಎಲ್ಲಿದೆಯೆಂದು ಟಾರ್ಚ್ ಹಿಡಿದು ಹುಡುಕಬೇಕಾಗುತ್ತದೆ. ಪೋರ್ಟ್ ನೇರ ಹಿಂದಕ್ಕೆ ಮುಖ ಮಾಡಿದ್ದರೆ ಕೇಬಲಿನ ತಲೆ ಗೋಡೆಗೆ ತಾಗಿ ಒಳಗೇ ಹೋಗುವುದಿಲ್ಲ, ಲಂಬಕೋನದ ಅಡಾಪ್ಟರ್ ಬೇಕಾಗುತ್ತದೆ. ಟಿ.ವಿ. ಮೇಲೇರುವ ಮೊದಲೇ ಕೇಬಲ್ ಚುಚ್ಚಿ, ಕೆಳಕ್ಕೆ ಇಳಿಬಿಟ್ಟು, ಕೇಸಿಂಗ್ ಪಟ್ಟಿಯೊಳಗೆ ಸೇರಿಸುವುದು ಕೆಲವೇ ನಿಮಿಷಗಳ ಕೆಲಸ. ಆಮೇಲೆ ಮಾಡಬೇಕೆಂದರೆ ಇಬ್ಬರು ಸೇರಿ ಟಿ.ವಿ.ಯನ್ನು ಇಳಿಸಿ ಮತ್ತೆ ಏರಿಸಬೇಕು. ನಮ್ಮಲ್ಲಿಯ ಹಳೆಯ ಮನೆಗಳ ಗೋಡೆಗಳು ಮಣ್ಣಿನವು ಅಥವಾ ಜಂಬಿಟ್ಟಿಗೆಯವು. ಸಿಮೆಂಟಿನ ಗೋಡೆಗೆಂದು ಬ್ರಾಕೆಟ್ ಜೊತೆ ಕೊಡುವ ಸ್ಕ್ರೂಗಳು ಅಂಥ ಗೋಡೆಯಲ್ಲಿ ಗಟ್ಟಿ ಹಿಡಿಯುವುದಿಲ್ಲ. ಒಂದು ಸಲ ಸಡಿಲಾದ ತೂತು ಎರಡನೆಯ ಸಲಕ್ಕೆ ಉಪಯೋಗಕ್ಕೆ ಬರುವುದೂ ಇಲ್ಲ. ಮೊದಲು ಒಂದು ದಪ್ಪನೆಯ ಪ್ಲೈವುಡ್ ಹಲಗೆಯನ್ನು ಹಲವು ಕಡೆ ಉದ್ದದ ಸ್ಕ್ರೂಗಳಿಂದ ಗೋಡೆಗೆ ಬಿಗಿದು, ಅದರ ಮೇಲೆ ಬ್ರಾಕೆಟ್ ಕೂರಿಸುವುದನ್ನು ಬಲ್ಲ ಬಡಗಿಗಳು ಊರಲ್ಲಿದ್ದಾರೆ. ಆ ಹಲಗೆಯ ಹಿಂದೆ ತಂತಿಗಳಿಗೆ ದಾರಿಯೂ, ಕೆಳಗೆ ಸೌಂಡ್‌ಬಾರಿಗೆ ಪುಟ್ಟ ಅಡ್ಡಹಲಗೆಯೂ ಆಗುತ್ತದೆ. ಎತ್ತರದ ವಿಷಯದಲ್ಲಿ ಒಂದು ಮಾತು: ದೇವರ ಪಟದ ಸಾಲಿನಲ್ಲಿ ಟಿ.ವಿ.ಯನ್ನು ಕೂರಿಸುವ ನಮ್ಮ ಅಭ್ಯಾಸ ಕುತ್ತಿಗೆಗೂ ಕಿವಿಗೂ ಒಳ್ಳೆಯದಲ್ಲ. ಕುಳಿತವರ ಕಣ್ಣಿನ ಮಟ್ಟದಲ್ಲಿ ಪರದೆಯ ನಡುಭಾಗ ಬಂದರೆ ಅದರ ಕೆಳಗಿನ ಸ್ಪೀಕರ್ ಕೂಡ ಕಿವಿಯ ಹತ್ತಿರದ ಎತ್ತರಕ್ಕೆ ಬರುತ್ತದೆ.

ವೈರ್‌ಲೆಸ್ ಎಂದು ಮಾರುವ ಸ್ಪೀಕರಿಗೂ ಚಾರ್ಜ್ ಮಾಡುವುದಕ್ಕಾದರೂ ಕರೆಂಟಿನ ತಂತಿ ಬೇಕು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮುಂಗಾರಿನ ಮೊದಲು ಮತ್ತು ಮಳೆ ಹಿಂದೆ ಸರಿಯುವ ತಿಂಗಳುಗಳಲ್ಲಿ ಗುಡುಗು ಶುರುವಾದೊಡನೆ ಟಿ.ವಿ.ಯ ಪ್ಲಗ್ ಕಿತ್ತು, ಡಿಶ್‌ನ ಕೇಬಲ್ ಬಿಡಿಸಿ ಇಡುವುದು ಎಲ್ಲ ಮನೆಗಳ ಪದ್ಧತಿ. ಸ್ವಿಚ್ ಆರಿಸಿದರಷ್ಟೇ ಸಾಲದು ಎನ್ನುವುದು ಸುಟ್ಟುಹೋದ ಬಾಕ್ಸುಗಳಿಂದ ಊರಿಗೆಲ್ಲ ತಿಳಿದ ಸಂಗತಿ. ಟಿ.ವಿ., ಬಾಕ್ಸ್, ಸೌಂಡ್‌ಬಾರ್ ಮೂರೂ ಕೇಬಲುಗಳಿಂದ ಬೆಸೆದುಕೊಂಡ ಮೇಲೆ ಒಂದರೊಳಗೆ ಬಂದ ಸಿಡಿಲಿನ ಹೊಡೆತ ಉಳಿದವಕ್ಕೂ ಹೋಗುತ್ತದೆ. ಆದರೆ ಅಂದ ಕೆಡಬಾರದೆಂದು ಈಗ ಪ್ಲಗ್ ಪಾಯಿಂಟುಗಳನ್ನು ಟಿ.ವಿ.ಯ ಬೆನ್ನ ಹಿಂದೆಯೇ ಕೊಡುತ್ತಾರೆ. ಅಲ್ಲಿಗೆ ಕೈ ಹಾಕಲು ಯುವಕರಿಗೇ ಕಷ್ಟ. ಮೂರರ ಪಿನ್ನುಗಳನ್ನೂ ಒಂದೇ ಗಟ್ಟಿಮುಟ್ಟಾದ ಎಕ್ಸ್‌ಟೆನ್ಷನ್ ಬಾಕ್ಸಿಗೆ ತಂದು, ಅದರ ಒಂದು ಪ್ಲಗ್ ಮಾತ್ರ ಸೊಂಟದೆತ್ತರದ ಸಾಕೆಟ್ಟಿನಲ್ಲಿರುವಂತೆ ಮಾಡಿದರೆ, ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ಒಂದು ಪ್ಲಗ್ಗನ್ನೂ ಒಂದು ಡಿಶ್ ಕೇಬಲನ್ನೂ ಕಿತ್ತು ನಿಶ್ಚಿಂತರಾಗಬಹುದು. ಮಳೆ ಕಳೆದು ಮತ್ತೆ ಚುಚ್ಚಿದಾಗ ಎಆರ್‌ಸಿಯಲ್ಲಿ ಜೋಡಿಸಿದ ಸೌಂಡ್‌ಬಾರ್ ಹೆಚ್ಚಿನ ಸಂದರ್ಭಗಳಲ್ಲಿ ಯಾರನ್ನೂ ಏನನ್ನೂ ಕೇಳದೆ ಕೆಲಸ ಆರಂಭಿಸುತ್ತದೆ. ಬ್ಲೂಟೂತಿನ ಬಗ್ಗೆ ಈ ಮಾತು ಹೇಳಲಾಗದು.

ಹಾಗೆಂದು ತಂತಿಯಿಲ್ಲದ ಸ್ಪೀಕರಿಗೆ ಎಲ್ಲಿಯೂ ಜಾಗವಿಲ್ಲ ಎಂದು ನನ್ನ ವಾದವಲ್ಲ. ನಮ್ಮ ಮನೆಗಳ ಹೆಂಗಸರು ಟಿ.ವಿ.ಯನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಕೈಯಲ್ಲಿ ಅಡಿಕೆ ಸುಲಿಯುವ ಕೆಲಸವೋ ಹೂ ಕಟ್ಟುವ ಕೆಲಸವೋ ಇರುತ್ತದೆ, ಕುಳಿತ ಜಾಗ ಟಿ.ವಿ.ಯಿಂದ ದೂರ ಇರುತ್ತದೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿಯ ಮಟ್ಟ 6 ಡೆಸಿಬಲ್ (ಸದ್ದಿನ ಪ್ರಮಾಣದ ಅಳತೆ) ಇಳಿಯುತ್ತದೆ. ಕೋಣೆಯೊಳಗೆ ಇಳಿತ ಇಷ್ಟಿರದಿದ್ದರೂ ದೂರ ಹೋದಂತೆ ನೇರವಾದ ಮಾತಿನ ಪಾಲು ಕಡಿಮೆಯಾಗಿ ಗೋಡೆಗಳ ಮರುಧ್ವನಿಯ ಪಾಲು ಹೆಚ್ಚುತ್ತದೆ. ಇಂಥವರಿಗೆ ಕೈಯಳತೆಯಲ್ಲಿಯೇ ಒಂದು ಸಣ್ಣ ಸ್ಪೀಕರ್ ಇಡುವುದರಷ್ಟು ಒಳ್ಳೆಯ ಉಪಾಯ ಬೇರೆ ಇಲ್ಲ. ಅದಕ್ಕೆ ಕೊಳ್ಳಬೇಕಾದದ್ದು ಟಿ.ವಿ.ಯ ಹೆಡ್‌ಫೋನ್ ಅಥವಾ ಆಪ್ಟಿಕಲ್ ಪೋರ್ಟಿಗೆ ಚುಚ್ಚುವ ಟ್ರಾನ್ಸ್‌ಮಿಟರ್ ಜೊತೆಗೇ ಬರುವ, ಟಿ.ವಿ.ಗೆಂದೇ ಮಾಡಿದ ಸ್ಪೀಕರ್; ಅದು ತನ್ನ ಟ್ರಾನ್ಸ್‌ಮಿಟರನ್ನು ಬಿಟ್ಟು ಬೇರೆ ಮೊಬೈಲಿನ ಹಿಂದೆ ಹೋಗುವುದಿಲ್ಲ, ವಿಳಂಬವೂ ಸಾಮಾನ್ಯ ಬ್ಲೂಟೂತಿಗಿಂತ ಬಹಳ ಕಡಿಮೆ. ಚಾರ್ಜ್ ಮಾಡುವ ಚಿಂತೆ ಇಲ್ಲದಂತೆ ಅದು ತನ್ನ ಚಾರ್ಜಿಂಗ್ ತೊಟ್ಟಿಲಿನಲ್ಲಿ (ಸ್ಪೀಕರ್ ಇಡುವ ಪೀಠದಲ್ಲಿ) ಕೂತೇ ಚಾರ್ಜಾಗುವಂಥದ್ದಾದರೆ ಇನ್ನೂ ಉತ್ತಮ. 2022ರಲ್ಲಿ ಪ್ರಕಟವಾದ ಆರಾಕ್ಯಾಸ್ಟ್ ಎಂಬ ಹೊಸ ಬ್ಲೂಟೂತ್ ಪದ್ಧತಿಯಲ್ಲಿ ಒಂದು ಟಿ.ವಿ.ಯ ಧ್ವನಿಯನ್ನು ಒಟ್ಟಿಗೆ ಹಲವು ಸ್ಪೀಕರುಗಳಿಗೂ ಶ್ರವಣಸಾಧನಗಳಿಗೂ ಕಳುಹಿಸಬಹುದು. ಹೊಸದಾಗಿ ಕೊಳ್ಳುವವರು ಟಿ.ವಿ.ಯಲ್ಲಿಯೂ ಶ್ರವಣಸಾಧನದಲ್ಲಿಯೂ ಅದು ಇದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಇಷ್ಟೆಲ್ಲ ಮಾಡುವ ಮೊದಲು ಕಿವಿಯ ಪರೀಕ್ಷೆ ಆಗಬೇಕು ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ದೊಡ್ಡ ಸಂಸ್ಥೆ ನಮ್ಮ ರಾಜ್ಯದಲ್ಲಿಯೇ ಇದೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ತೋರಿಸಬಹುದು. ಕೆಲವೊಮ್ಮೆ ಕಿವಿಯಲ್ಲಿ ಗಟ್ಟಿಯಾದ ಗುಗ್ಗೆಯೇ ಕಾರಣವಾಗಿರುತ್ತದೆ, ಅದಕ್ಕೆ ಸ್ಪೀಕರ್ ಔಷಧವಲ್ಲ.

ಮಾರಾಟಗಾರರಲ್ಲಿ, ತಯಾರಕರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಗೋಡೆಗೆ ಕೂರಿಸುವ ಸೇವೆಯಲ್ಲಿ ಸ್ಪೀಕರ್ ಜೋಡಣೆಯನ್ನೂ ಸೇರಿಸಬೇಕು. ಬೇಕಿದ್ದರೆ ಅದಕ್ಕೆ ಶುಲ್ಕವನ್ನೂ ಪಡೆಯಲಿ. ಸ್ಪೀಕರ್ ಈಗ ಕೊಳ್ಳದವರ ಮನೆಯಲ್ಲಿಯೂ ಎಆರ್‌ಸಿ ಪೋರ್ಟಿಗೆ ಒಂದು ಕೇಬಲ್ ಚುಚ್ಚಿ ತುದಿಯನ್ನು ಕೆಳಕ್ಕೆ ಬಿಟ್ಟು ಹೋಗುವುದು ರೂಢಿಯಾಗಬೇಕು. ಕೆಲಸ ಮುಗಿದ ಮೇಲೆ ಒಮ್ಮೆ ಮೇನ್ ಆರಿಸಿ, ಮತ್ತೆ ಹಾಕಿ, ಮನೆಯ ಹಿರಿಯರ ಕೈಗೇ ರಿಮೋಟ್ ಕೊಟ್ಟು ಧ್ವನಿ ಬರುವುದನ್ನು ನೋಡಿದ ನಂತರವೇ ಸಹಿ ಪಡೆಯಬೇಕು. ಬಳಕೆಯ ಪುಸ್ತಿಕೆಯಲ್ಲಿ ಈ ಜೋಡಣೆಯ ಒಂದು ಪುಟವಾದರೂ ಕನ್ನಡದಲ್ಲಿ, ಹಿರಿಯರು ಓದಬಲ್ಲ ದಪ್ಪ ಅಕ್ಷರಗಳಲ್ಲಿ ಇರಲಿ. ಎಲ್ಲರೂ ಬಳಸಬಲ್ಲ ವಿನ್ಯಾಸದ ಗ್ರಾಹಕ ವಸ್ತುಗಳ ತಯಾರಿಕೆಯನ್ನು ಸರ್ಕಾರ ಉತ್ತೇಜಿಸಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 43ನೇ ಸೆಕ್ಷನ್ ಹೇಳುತ್ತದೆ. ಕೇಳುವ ಶಕ್ತಿ ಕುಗ್ಗಿದವರಿಗೆ ಟಿ.ವಿ.ಗಿಂತ ಹೆಚ್ಚು ಬಳಕೆಯ ವಸ್ತು ಯಾವುದಿದೆ? ಕೂರಿಸುವ ಸೇವೆಗೆ ಹಣ ಪಡೆದು ಅರೆಬರೆ ಬಿಟ್ಟುಹೋದ ಪ್ರಕರಣಗಳಲ್ಲಿ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಲು ಹಿಂಜರಿಯಬಾರದು.

ತಮ್ಮ ಪತ್ರಿಕೆಯಲ್ಲಿಯೂ ಹೊಸ ಟಿ.ವಿ.ಗಳ ಪರಿಚಯ ಲೇಖನಗಳು ಬರುವಾಗ ಪರದೆಯ ಇಂಚು, ಬಣ್ಣ, ಬೆಲೆಗಳ ಜೊತೆಗೆ ಅದರ ಸ್ಪೀಕರ್ ಯಾವ ಕಡೆಗೆ ಮುಖ ಮಾಡಿದೆ, ಎಆರ್‌ಸಿ ಪೋರ್ಟ್ ಪಕ್ಕಕ್ಕಿದೆಯೋ ಹಿಂದಕ್ಕಿದೆಯೋ, ಕರೆಂಟ್ ಹೋಗಿ ಬಂದ ಮೇಲೆ ಸ್ಪೀಕರ್ ತಾನಾಗಿ ಜೋಡಣೆಗೊಳ್ಳುತ್ತದೆಯೇ ಎಂಬುದನ್ನು ಪರೀಕ್ಷಿಸಿ ಬರೆಯಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗ, ತೀರ್ಥಹಳ್ಳಿ ತಾಲ್ಲೂಕು
(ಸದ್ಯ ಬೆಂಗಳೂರು)